ಗರ್ಭಕೋಶ ಜಾರುವುದು: ಮುಚ್ಚಿಡಬೇಡಿ, ಆಪರೇಷನ್ನಿಗೆ ಅವಸರವನ್ನೂ ಮಾಡಬೇಡಿ

(ಮಹಿಳಾ ಸಂಘದ ಸಭೆಗಳಲ್ಲಿ ಓದಿ ಚರ್ಚಿಸಲು ಆರೋಗ್ಯ ಪಾಠ)



ನಮ್ಮ ಸ್ವಸಹಾಯ ಸಂಘಗಳಲ್ಲಿ ಆರೋಗ್ಯದ ಮಾತು ಬಂದಾಗ ಬಿಪಿ, ಶುಗರ್, ಮಂಡಿನೋವು, ರಕ್ತಹೀನತೆ ಎಲ್ಲವೂ ಚರ್ಚೆಗೆ ಬರುತ್ತವೆ. ಒಂದು ತೊಂದರೆಯನ್ನು ಮಾತ್ರ ಯಾರೂ ಎಲ್ಲರೆದುರು ಹೇಳುವುದಿಲ್ಲ. ಸಭೆ ಮುಗಿದು, ಉಳಿತಾಯದ ಪುಸ್ತಕಗಳನ್ನು ಕಟ್ಟಿಟ್ಟು ಎಲ್ಲರೂ ಎದ್ದ ಮೇಲೆ ಒಬ್ಬರು ಹಿಂದೆ ಉಳಿಯುತ್ತಾರೆ. "ಸಿಸ್ಟರ್, ಕೆಳಗೆ ಏನೋ ಗಡ್ಡೆ ಥರ ಜಾರಿ ಬರ್ತಾ ಇದೆ. ಯಾರಿಗೂ ಹೇಳ್ಬೇಡಿ" ಅನ್ನುತ್ತಾರೆ. ಎಷ್ಟು ದಿನದಿಂದ ಎಂದು ಕೇಳಿದರೆ, "ಸಣ್ಣ ಮಗ ಹುಟ್ಟಿದಾಗಿನಿಂದ" ಎಂಬ ಉತ್ತರ. ಆ ಸಣ್ಣ ಮಗ ಈಗ ಕಾಲೇಜಿಗೆ ಹೋಗುತ್ತಿರುತ್ತಾನೆ!

ಇತ್ತೀಚೆಗೆ ನಮ್ಮ ಕಾರ್ಯಕರ್ತೆಯರಿಗೆ ಇನ್ನೊಂದು ಬಗೆಯ ಪ್ರಶ್ನೆಯೂ ಬರುತ್ತಿದೆ. "ಹೊಟ್ಟೆ ಕೊಯ್ಯದೆ ಸಣ್ಣ ತೂತು ಮಾಡಿ ಸರಿ ಮಾಡ್ತಾರಂತೆ, ಮೂರು ದಿನಕ್ಕೆ ಮನೆಗೆ ಬರಬಹುದಂತೆ, ಮಾಡಿಸ್ಕೊಳ್ಳಲಾ?" ಎಂದು ಕೇಳುತ್ತಾರೆ. ಮೊದಲಿನವರು ಇಪ್ಪತ್ತು ವರ್ಷ ಸುಮ್ಮನಿದ್ದವರು, ಇವರು ನಾಳೆಯೇ ಹೊರಟವರು. ಇಬ್ಬರಿಗೂ ಬೇಕಾಗಿರುವುದು ಸರಿಯಾದ ತಿಳುವಳಿಕೆ. ಆದ್ದರಿಂದ ಈ ಸಲದ ಪಾಠದಲ್ಲಿ ಗರ್ಭಕೋಶ ಜಾರುವುದು ಎಂದರೇನು, ಅದಕ್ಕೆ ಏನೇನು ಚಿಕಿತ್ಸೆ ಇದೆ, ಕೀಹೋಲ್ ಆಪರೇಷನ್ ಯಾರಿಗೆ ಹೊಂದುತ್ತದೆ ಎಂಬುದನ್ನು ತಿಳಿಯೋಣ.

ಜೋಲಿ ಸಡಿಲವಾದಾಗ

ಮಗುವನ್ನು ಮಲಗಿಸಲು ನಾವು ಸೀರೆಯ ಜೋಲಿ ಕಟ್ಟುತ್ತೇವಲ್ಲ, ಅದನ್ನು ನೆನಪಿಸಿಕೊಳ್ಳಿ. ಕೆಳಗೆ ಬಟ್ಟೆ, ಮೇಲೆ ಜಂತೆಗೆ ಕಟ್ಟಿದ ಹಗ್ಗ. ಬಟ್ಟೆ ಹಳೆಯದಾಗಿ ಜಗ್ಗಿದರೂ ಮಗು ಕೆಳಗಿಳಿಯುತ್ತದೆ, ಹಗ್ಗ ಸಡಿಲವಾದರೂ ಇಳಿಯುತ್ತದೆ. ಹೆಂಗಸರ ಸೊಂಟದ ಮೂಳೆಗಳ ನಡುವೆಯೂ ಇಂಥದೇ ಏರ್ಪಾಟು ಇದೆ. ಕೆಳಗೆ ಸ್ನಾಯುಗಳ ಒಂದು ಹಾಸು. ಮೇಲಿನಿಂದ, ಪಕ್ಕಗಳಿಂದ ಹಿಡಿದುಕೊಂಡಿರುವ ರಜ್ಜುಗಳು, ಅಂದರೆ ಹಗ್ಗದಂಥ ಕಟ್ಟುಗಳು. ಈ ಜೋಲಿಯಲ್ಲಿ ಮೂರು ಅಂಗಗಳು ಕೂತಿವೆ. ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಮಲ ಶೇಖರವಾಗುವ ಗುದನಾಳ.

ಹಾಸೋ ಹಗ್ಗವೋ ಸೋತಾಗ ಈ ಮೂರರಲ್ಲಿ ಒಂದು, ಎರಡು ಅಥವಾ ಮೂರೂ ಯೋನಿಮಾರ್ಗದ ಕಡೆಗೆ ಜಾರುತ್ತವೆ. ನಾವು ರೂಢಿಯಲ್ಲಿ ಎಲ್ಲವನ್ನೂ "ಗರ್ಭಕೋಶ ಜಾರಿದೆ" ಎನ್ನುತ್ತೇವೆ. ಆದರೆ ಎಷ್ಟೋ ಸಲ ಹೊರಗೆ ಉಬ್ಬಿ ಕಾಣುವುದು ಗರ್ಭಕೋಶವಲ್ಲ, ಮೂತ್ರಕೋಶ. ಹಿಂದೆ ಯಾವಾಗಲೋ ಗರ್ಭಕೋಶ ತೆಗೆಸಿಕೊಂಡ ತಾಯಂದಿರಿಗೂ ಇದು ಬರಬಹುದು. "ನನಗೆ ಗರ್ಭಕೋಶವೇ ಇಲ್ಲವಲ್ಲ, ಇನ್ನೇನು ಜಾರುತ್ತೆ?" ಎಂದು ಕೇಳುವವರಿದ್ದಾರೆ. ಗರ್ಭಕೋಶ ತೆಗೆದ ಮೇಲೆ ಯೋನಿಯ ಮೇಲ್ತುದಿಯನ್ನು ಹೊಲಿದು ಮುಚ್ಚಿರುತ್ತಾರೆ. ಹಗ್ಗ ಸೋತರೆ ಆ ಮೇಲ್ತುದಿಯೇ ಕಾಲುಚೀಲವನ್ನು ಒಳಮಗ್ಗುಲು ತಿರುಗಿಸಿದಂತೆ ಕೆಳಗೆ ಬರುತ್ತದೆ.

ಯಾವುದು ಜಾರಿದೆ ಎಂಬುದರ ಮೇಲೆ ಲಕ್ಷಣ ಬೇರೆಯಾಗುತ್ತದೆ. ಕೆಳಹೊಟ್ಟೆ ಭಾರ, ಕುಕ್ಕರಗಾಲಲ್ಲಿ ಕೂತರೆ ಏನೋ ಅಡ್ಡ ಬಂದಂತೆ, ನಡುನೋವು. ಬೆಳಿಗ್ಗೆ ಏಳುವಾಗ ಏನೂ ಇರುವುದಿಲ್ಲ, ದಿನವಿಡೀ ನಿಂತು ಕೆಲಸ ಮಾಡಿ ಸಂಜೆ ಹೊತ್ತಿಗೆ ಉಬ್ಬು ಕೈಗೆ ಸಿಗುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಮೂತ್ರಕೋಶ ಜಾರಿದ್ದರೆ ಮೂತ್ರ ಪೂರ್ತಿ ಹೋಗದು, ಅಥವಾ ಕೆಮ್ಮಿದಾಗ ಸೀನಿದಾಗ ಸೋರುತ್ತದೆ. ಗುದನಾಳ ಉಬ್ಬಿದ್ದರೆ ಬೆರಳಿನಿಂದ ಒತ್ತಿ ಹಿಡಿಯದೆ ಮಲ ವಿಸರ್ಜನೆ ಆಗುವುದಿಲ್ಲ. ಈ ಕೊನೆಯ ವಿಷಯವನ್ನಂತೂ ಹೆಂಗಸರು ಡಾಕ್ಟರಿಗೂ ಹೇಳುವುದಿಲ್ಲ. ದಯವಿಟ್ಟು ಹೇಳಿ. ಹಿಂದಿನ ಗೋಡೆ ಸೋತಿದೆ ಎಂದು ಅವರಿಗೆ ತಿಳಿಯಲು ಈ ಒಂದು ಮಾತು ತುಂಬ ಸಹಾಯ ಮಾಡುತ್ತದೆ.

ಇದು ಕ್ಯಾನ್ಸರ್ ಅಲ್ಲ. ಯಾರ ಶಾಪವೂ ಅಲ್ಲ, ಯಾವ ಪಾಪಕ್ಕೆ ಶಿಕ್ಷೆಯೂ ಅಲ್ಲ. ಮುಟ್ಟಿದರೆ ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಬಹುತೇಕ ಇದು ಪ್ರಾಣಕ್ಕೆ ಅಪಾಯ ತರುವ ಕಾಯಿಲೆಯಲ್ಲ. ಆದರೆ ಪೂರ್ತಿ ಹೊರಗೆ ಬಂದು ಬಟ್ಟೆಗೆ ಉಜ್ಜಿ ಹುಣ್ಣಾದರೆ, ಮೂತ್ರ ಕಟ್ಟಿದರೆ ತಡಮಾಡಬಾರದು. ಮೂತ್ರ ಬಹುಕಾಲ ಸರಿಯಾಗಿ ಹೋಗದಿದ್ದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅದನ್ನು "ಹುಣ್ಣಿನಿಂದ ಇರಬೇಕು" ಎಂದು ನಾವೇ ತೀರ್ಮಾನಿಸಬಾರದು, ಅದಕ್ಕೆ ಬೇರೆಯೇ ಪರೀಕ್ಷೆ ಆಗಬೇಕು.

ಯಾಕೆ ಹೀಗಾಗುತ್ತದೆ?

ಮುಖ್ಯ ಕಾರಣ ಹೆರಿಗೆ. ಗಂಟೆಗಟ್ಟಲೆ ಎಳೆದ ಹೆರಿಗೆ, ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮೊದಲೇ "ಮುಕ್ಕು, ಮುಕ್ಕು" ಎಂದು ಒತ್ತಾಯಿಸುವುದು, ದೊಡ್ಡ ಮಗು, ಇಕ್ಕಳ ಹಾಕಿ ತೆಗೆದ ಹೆರಿಗೆ, ಅಂತರವಿಲ್ಲದೆ ಮೇಲಿಂದ ಮೇಲೆ ಬಸಿರು. ಇವೆಲ್ಲ ಜೋಲಿಯನ್ನು ಜಗ್ಗಿಸುತ್ತವೆ. ಸಿಸೇರಿಯನ್ ಆದವರಿಗೆ ಇದರ ಸಾಧ್ಯತೆ ಕಡಿಮೆ ನಿಜ. ಆದರೆ ಇದೊಂದೇ ಕಾರಣಕ್ಕೆ ಸಿಸೇರಿಯನ್ ಕೇಳಿ ಪಡೆಯುವುದು ಜಾಣತನವಲ್ಲ, ಅದಕ್ಕೆ ಅದರದೇ ಅಪಾಯಗಳಿವೆ. ಹೆರಿಗೆಯ ನಂತರ ಸೇರಿಕೊಳ್ಳುವುದು ಭಾರದ ಕೆಲಸ, ನಿಲ್ಲದ ಕೆಮ್ಮು, ಮಲಬದ್ಧತೆ, ಅತಿಯಾದ ಮೈತೂಕ. ಮುಟ್ಟು ನಿಂತ ಮೇಲೆ ಹಾರ್ಮೋನು ಕಡಿಮೆಯಾಗಿ ಕಟ್ಟುಗಳು ಇನ್ನಷ್ಟು ಸೋಲುತ್ತವೆ. ಅದಕ್ಕೇ ಇಪ್ಪತ್ತೈದರಲ್ಲಿ ಬಿದ್ದ ಪೆಟ್ಟು ಐವತ್ತರಲ್ಲಿ ಹೊರಗೆ ಕಾಣುವುದುಂಟು.

ಇದರಲ್ಲಿ ಬಡತನದ ಪಾಲೂ ಇದೆ ಎಂಬುದನ್ನು ಹೇಳದೆ ಇರಲಾರೆವು. ಬಾಣಂತನ ಮೂರು ತಿಂಗಳು ಎಂಬುದು ಅನುಕೂಲಸ್ಥರ ಮನೆಯ ಮಾತು. ಕೂಲಿಗೆ ಹೋಗುವ ತಾಯಿ ಎಷ್ಟೋ ಕಡೆ ತಿಂಗಳೊಳಗೆ ಕೊಡ, ಸೌದೆ, ಹುಲ್ಲಿನ ಹೊರೆ ಎತ್ತುತ್ತಾಳೆ. ನೆರೆಯ ನೇಪಾಳದ ಬೆಟ್ಟದ ಹಳ್ಳಿಗಳಲ್ಲಿ ಈ ತೊಂದರೆ ಎಷ್ಟು ವ್ಯಾಪಕವೆಂದರೆ, 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಹೆಣ್ಣುಮಕ್ಕಳ ಸಂತಾನ ಆರೋಗ್ಯದ ಹಕ್ಕಿನ ಪ್ರಶ್ನೆ ಎಂದು ಪರಿಗಣಿಸಿ ಸರ್ಕಾರಕ್ಕೆ ನಿರ್ದೇಶನ ಕೊಟ್ಟಿತು. ನಮ್ಮ ದೇಶದಲ್ಲೂ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ವರದಿ ಪ್ರಕಟಿಸಿದರು. 100ಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀ ಸಂಬಂಧಿ ಕಾಯಿಲೆ ಇತ್ತು. ಅದಕ್ಕೆ ಮೊದಲು ಪರೀಕ್ಷೆ, ಚಿಕಿತ್ಸೆ ಪಡೆದಿದ್ದವರು ಕೇವಲ 8 ಮಂದಿ. ಕಾಯಿಲೆಯ ಲೆಕ್ಕಕ್ಕಿಂತ ಈ ಮೌನದ ಲೆಕ್ಕವೇ ನಮ್ಮನ್ನು ಹೆಚ್ಚು ಕಾಡುತ್ತದೆ.

ಆಪರೇಷನ್ ಎಲ್ಲರಿಗೂ ಬೇಕಿಲ್ಲ

ಸ್ತ್ರೀರೋಗ ತಜ್ಞರು ಪರೀಕ್ಷೆ ಮಾಡುವಾಗ ಕೆಮ್ಮಲು, ಮುಕ್ಕಲು ಹೇಳಿ ಎಷ್ಟು ಜಾರುತ್ತದೆ ಎಂದು ನೋಡಿ ಒಂದರಿಂದ ನಾಲ್ಕರವರೆಗೆ ಹಂತ ಹೇಳುತ್ತಾರೆ. ಮೊದಲ ಹಂತದಲ್ಲಿ ಒಳಗೇ ಸ್ವಲ್ಪ ಇಳಿದಿರುತ್ತದೆ, ನಾಲ್ಕನೆಯದರಲ್ಲಿ ಪೂರ್ತಿ ಹೊರಗೆ ಬಂದಿರುತ್ತದೆ. ನಿಮ್ಮದು ಎಷ್ಟನೆಯ ಹಂತ ಎಂದು ಕೇಳಿ ಬರೆಸಿಕೊಳ್ಳಿ. ಮೊದಲ ಎರಡು ಹಂತದಲ್ಲಿ, ತೊಂದರೆ ಹೆಚ್ಚಿಲ್ಲದಿದ್ದರೆ, ಆಪರೇಷನ್ನಿನ ಮಾತನ್ನು ಬದಿಗಿಟ್ಟು ವ್ಯಾಯಾಮದಿಂದ ಆರಂಭಿಸಬಹುದು.

ಈ ವ್ಯಾಯಾಮವನ್ನು 1948ರಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ಡಾ. ಆರ್ನಾಲ್ಡ್ ಕೆಗೆಲ್. ಹಣ ಬೇಡ, ಜಾಗ ಬೇಡ, ಯಾರಿಗೂ ತಿಳಿಯುವುದೂ ಇಲ್ಲ. ಗಾಳಿ ಹೋಗದಂತೆ ತಡೆಯುವಾಗ ಮತ್ತು ಮೂತ್ರವನ್ನು ತಡೆಯುವಾಗ ಯಾವ ಸ್ನಾಯುಗಳನ್ನು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳುತ್ತೇವೋ ಅವುಗಳನ್ನೇ ಬಿಗಿಮಾಡಿ ಐದು ಎಣಿಸುವವರೆಗೆ ಹಿಡಿದು, ಆಮೇಲೆ ಅಷ್ಟೇ ಹೊತ್ತು ಸಡಿಲ ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ರೂಢಿಯಾದಂತೆ ಎಣಿಕೆಯನ್ನು ಹತ್ತಕ್ಕೆ ಏರಿಸಿ. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂತ್ರ ಮಾಡುವಾಗಲೇ ತಡೆದು ಅಭ್ಯಾಸ ಮಾಡುವುದು ಬೇಡ. ಫಲ ಕಾಣಲು ಮೂರು ನಾಲ್ಕು ತಿಂಗಳು ಬೇಕು. ಎರಡು ವಾರ ಮಾಡಿ "ಏನೂ ಆಗ್ಲಿಲ್ಲ" ಎಂದು ಬಿಡುವವರೇ ಹೆಚ್ಚು. ರಾಗಿ ಬಿತ್ತಿದ ಎರಡು ವಾರಕ್ಕೆ ತೆನೆ ಹುಡುಕುತ್ತೇವೆಯೇ? ಹೊರಗೆ ಬಂದುಬಿಟ್ಟ ಗರ್ಭಕೋಶವನ್ನು ಈ ವ್ಯಾಯಾಮ ಒಳಗೆ ಕೂರಿಸುವುದಿಲ್ಲ ಎಂಬುದೂ ತಿಳಿದಿರಲಿ. ಸಣ್ಣ ಜಾರುವಿಕೆಯ ತೊಂದರೆಯನ್ನು ಇದು ಕಡಿಮೆ ಮಾಡುತ್ತದೆ.

ಇನ್ನೊಂದು ದಾರಿ ಪೆಸರಿ. ಸಿಲಿಕೋನ್ ಅಥವಾ ಪ್ಲಾಸ್ಟಿಕ್ಕಿನ ಬಳೆಯಂಥ ವಸ್ತು. ಡಾಕ್ಟರು ಅಳತೆ ನೋಡಿ ಯೋನಿಯೊಳಗೆ ಕೂರಿಸುತ್ತಾರೆ, ಅದು ಜಾರಿದ ಭಾಗವನ್ನು ಮೇಲೆ ಹಿಡಿದಿಡುತ್ತದೆ. ಆಪರೇಷನ್ ತಡೆಯಲಾರದ ವಯಸ್ಸಾದ ತಾಯಂದಿರಿಗೆ, ಇನ್ನೂ ಮಕ್ಕಳು ಬೇಕೆನ್ನುವವರಿಗೆ, ಕೊಯ್ಲು ಮುಗಿಯಲಿ ಎಂದು ಕಾಯುವವರಿಗೆ ಇದು ಒಳ್ಳೆಯ ಆಸರೆ. ಆದರೆ ಹಾಕಿಸಿಕೊಂಡು ಮರೆತುಬಿಡುವ ವಸ್ತುವಲ್ಲ. ಡಾಕ್ಟರು ಹೇಳಿದ ಗಡುವಿಗೆ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ, ತೆಗೆಸಿ ತೊಳೆಸಿ ಪರೀಕ್ಷೆ ಮಾಡಿಸಬೇಕು. ವರ್ಷಗಟ್ಟಲೆ ಒಳಗೇ ಉಳಿದರೆ ಹುಣ್ಣಾಗುತ್ತದೆ.

ಕೀಹೋಲ್ ಆಪರೇಷನ್ ಹೇಗೆ ಮಾಡುತ್ತಾರೆ?

ವ್ಯಾಯಾಮ, ಪೆಸರಿಗಳಿಂದ ನೆಮ್ಮದಿ ಸಿಗದಿದ್ದಾಗ, ಅಥವಾ ಜಾರುವಿಕೆ ಮೂರು ನಾಲ್ಕನೆಯ ಹಂತಕ್ಕೆ ಹೋಗಿ ದಿನನಿತ್ಯದ ಬದುಕೇ ಕಷ್ಟವಾದಾಗ ಆಪರೇಷನ್ ವಿಚಾರ ಬರುತ್ತದೆ. ಅದಕ್ಕೆ ಮೂರು ದಾರಿಗಳಿವೆ. ಕೆಳಗಿನಿಂದ, ಅಂದರೆ ಯೋನಿಮಾರ್ಗದಿಂದಲೇ ಮಾಡುವುದು ಹಳೆಯದು, ಇಂದಿಗೂ ನಮ್ಮಲ್ಲಿ ಹೆಚ್ಚು ನಡೆಯುವುದು ಅದೇ. ಹೊಟ್ಟೆ ಕೊಯ್ದು ಮಾಡುವುದು ಎರಡನೆಯದು. ಮೂರನೆಯದೇ ಕೀಹೋಲ್ ಅಥವಾ ಲ್ಯಾಪ್ರೋಸ್ಕೋಪಿ. ಜಾರುವಿಕೆಗೆ ಈ ವಿಧಾನ ಬಳಕೆಗೆ ಬಂದದ್ದು 1990ರ ದಶಕದಲ್ಲಿ.

ಪೂರ್ತಿ ಅರಿವಳಿಕೆ ಕೊಟ್ಟು, ಹೊಕ್ಕುಳ ಬಳಿ ಒಂದು ಸಣ್ಣ ತೂತು ಮಾಡಿ ಕಾರ್ಬನ್ ಡೈಆಕ್ಸೈಡ್ ಗಾಳಿ ತುಂಬುತ್ತಾರೆ. ಹೊಟ್ಟೆ ಗುಡಾರದಂತೆ ಉಬ್ಬಿ ಒಳಗೆ ಕೆಲಸ ಮಾಡಲು ಜಾಗ ಸಿಗುತ್ತದೆ. ಅದೇ ತೂತಿನಿಂದ ಕ್ಯಾಮೆರಾ ಒಳಗೆ ಹೋಗುತ್ತದೆ. ಇನ್ನೂ ಎರಡು ಮೂರು ತೂತುಗಳಿಂದ ಉದ್ದನೆಯ ತೆಳು ಉಪಕರಣಗಳು. ತೂತುಗಳ ಅಳತೆ 5ರಿಂದ 12 ಮಿಲಿಮೀಟರ್ ಅಷ್ಟೆ. ಕರುಳು ಎದೆಯ ಕಡೆಗೆ ಸರಿದು ದಾರಿ ಬಿಡಲೆಂದು ಮಂಚವನ್ನು ತಲೆ ತಗ್ಗಾಗುವಂತೆ ಓರೆ ಮಾಡುತ್ತಾರೆ. ಡಾಕ್ಟರು ಟಿ.ವಿ. ಪರದೆ ನೋಡಿಕೊಂಡು ಒಳಗೆ ಹೊಲಿಯುತ್ತಾರೆ.

ಏನು ಹೊಲಿಯುತ್ತಾರೆ? ಮತ್ತೆ ನಮ್ಮ ಜೋಲಿಗೇ ಬರೋಣ. ಹಗ್ಗ ಸೋತಿದೆ, ಆದ್ದರಿಂದ ಹೊಸ ಹಗ್ಗ ಕಟ್ಟಬೇಕು. ಪಾಲಿಪ್ರೊಪಿಲೀನ್ ಎಂಬ ವಸ್ತುವಿನ ತೆಳುವಾದ ಬಲೆಯ ಪಟ್ಟಿಯೊಂದನ್ನು (ಇದನ್ನು ಮೆಶ್ ಎನ್ನುತ್ತಾರೆ) ಗರ್ಭಕೋಶದ ಬಾಯಿಯ ಹತ್ತಿರ ಹೊಲಿದು, ಅದರ ಇನ್ನೊಂದು ತುದಿಯನ್ನು ಬೆನ್ನೆಲುಬಿನ ಬುಡದ ಮೂಳೆಯ ಮುಂಭಾಗದ ಗಟ್ಟಿ ಕಟ್ಟಿಗೆ ಬಿಗಿಯುತ್ತಾರೆ. ಬೆನ್ನೆಲುಬೇ ಇಲ್ಲಿ ಜಂತೆ. ಗರ್ಭಕೋಶ ಇಲ್ಲದವರಿಗೆ ಯೋನಿಯ ಮೇಲ್ತುದಿಯನ್ನು ಹೀಗೆಯೇ ಎತ್ತಿ ಕಟ್ಟುತ್ತಾರೆ. ಕೆಲವರಿಗೆ ಮೆಶ್ ಹಾಕದೆ ಅವರದೇ ಹಳೆಯ ರಜ್ಜುಗಳನ್ನು ಮೋಟು ಮಾಡಿ ಗಟ್ಟಿ ದಾರದಿಂದ ಹೊಲಿಯುವುದೂ ಉಂಟು.

ಇಲ್ಲೊಂದು ವಿಷಯವನ್ನು ಹೆಮ್ಮೆಯಿಂದ ಹೇಳಬೇಕು. ಗರ್ಭಕೋಶ ತೆಗೆಯದೆ ಎತ್ತಿ ಕಟ್ಟುವ ಯೋಚನೆ ಹೊರದೇಶದಿಂದ ಕೀಹೋಲ್ ಜೊತೆ ಬಂದದ್ದಲ್ಲ. ಎಳೆಯ ವಯಸ್ಸಿನ, ಇನ್ನೂ ಹೆರಬೇಕಾದ ಹೆಣ್ಣುಮಕ್ಕಳಿಗೆ ಗರ್ಭಕೋಶ ಜಾರಿದಾಗ ಅದನ್ನು ಉಳಿಸಿಕೊಡುವ ಜೋಲಿ ಆಪರೇಷನ್ನುಗಳನ್ನು ಮುಂಬಯಿಯ ಡಾ. ವಿ. ಎನ್. ಶಿರೋಡ್ಕರ್, ಡಾ. ಬಿ. ಎನ್. ಪುರಂದರೆ ಮುಂತಾದವರು ಹತ್ತಾರು ವರ್ಷಗಳ ಹಿಂದೆಯೇ ರೂಪಿಸಿದ್ದರು. ಗರ್ಭಪಾತ ತಡೆಯಲು ಗರ್ಭಕೋಶದ ಬಾಯಿಗೆ ಹಾಕುವ ಹೊಲಿಗೆಯಿಂದ ಲೋಕಕ್ಕೆಲ್ಲ ಹೆಸರಾದ ಈ ಶಿರೋಡ್ಕರ್ ಹೈಸ್ಕೂಲು ಓದಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಅಂದು ಹೊಟ್ಟೆ ಕೊಯ್ದು ಮಾಡುತ್ತಿದ್ದುದನ್ನು ಇಂದು ತೂತುಗಳಿಂದ ಮಾಡುತ್ತಾರೆ.

ತೂತು ಚಿಕ್ಕದು, ಆಪರೇಷನ್ ಚಿಕ್ಕದಲ್ಲ

ಹೊಟ್ಟೆ ಕೊಯ್ಯುವುದಕ್ಕೆ ಹೋಲಿಸಿದರೆ ಕೀಹೋಲಿನಲ್ಲಿ ರಕ್ತ ಕಡಿಮೆ ಹೋಗುತ್ತದೆ, ನೋವು ಕಡಿಮೆ, ಆಸ್ಪತ್ರೆಯಲ್ಲಿ ಇರಬೇಕಾದ ದಿನಗಳು ಕಡಿಮೆ. ಎತ್ತಿ ಕಟ್ಟಿದ ಕೆಲಸವೂ ಅಷ್ಟೇ ಗಟ್ಟಿ. ಇದೆಲ್ಲ ನಿಜ. ಆದರೆ ಕೆಳಗಿನಿಂದ ಮಾಡುವ ಆಪರೇಷನ್ನಿಗೆ ಹೊಟ್ಟೆಯ ಮೇಲೆ ಒಂದು ತೂತೂ ಬೇಡ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಎಚ್ಚರವಿರುವಾಗಲೇ ಮಾಡಬಹುದು, ಸಮಯವೂ ಕಡಿಮೆ ಸಾಕು ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ಹೃದಯ, ಶ್ವಾಸಕೋಶದ ತೊಂದರೆ ಇರುವವರಿಗೆ ಗಾಳಿ ತುಂಬಿ ಎರಡು ಮೂರು ಗಂಟೆ ತಲೆ ತಗ್ಗಿಸಿ ಮಲಗಿಸುವುದು ಒಳ್ಳೆಯದಲ್ಲ. ಹಿಂದೆ ಹಲವು ಸಲ ಹೊಟ್ಟೆಯ ಆಪರೇಷನ್ ಆದವರಿಗೆ ಒಳಗೆ ಕರುಳುಗಳು ಅಂಟಿಕೊಂಡಿರಬಹುದು. ಇಂಥವರಿಗೆ ಕೆಳಗಿನ ದಾರಿಯೇ ಲೇಸು. ಗರ್ಭಕೋಶ ಉಳಿಸಿಕೊಳ್ಳಬೇಕೆನ್ನುವ ಎಳೆಯರಿಗೆ, ಗರ್ಭಕೋಶ ತೆಗೆಸಿದ ಮೇಲೆ ಮೇಲ್ತುದಿ ಜಾರಿದವರಿಗೆ, ಒಮ್ಮೆ ಕೆಳಗಿನಿಂದ ಸರಿಪಡಿಸಿಯೂ ಮತ್ತೆ ಜಾರಿದವರಿಗೆ ಕೀಹೋಲಿನಿಂದ ಹೆಚ್ಚು ಲಾಭ. ಹೊಸದು ಎಂದ ಮಾತ್ರಕ್ಕೆ ಎಲ್ಲರಿಗೂ ಮೇಲು ಎಂದಲ್ಲ.

ಅಪಾಯಗಳು ಕಡಿಮೆ, ಆದರೆ ಇಲ್ಲವೆಂದಲ್ಲ. ಮೂತ್ರಕೋಶಕ್ಕೆ, ಕರುಳಿಗೆ, ಕಿಡ್ನಿಯಿಂದ ಮೂತ್ರ ತರುವ ನಾಳಕ್ಕೆ ಪೆಟ್ಟಾಗಬಹುದು. ರಕ್ತಸ್ರಾವವಾಗಿ ನಡುವೆಯೇ ಹೊಟ್ಟೆ ಕೊಯ್ಯಬೇಕಾಗಬಹುದು. ಉಬ್ಬು ಸರಿಹೋದ ಮೇಲೆ ಅದುವರೆಗೆ ಇಲ್ಲದ ಮೂತ್ರ ಸೋರಿಕೆ ಶುರುವಾಗಬಹುದು. ಯಾವ ವಿಧಾನದಲ್ಲಿ ಮಾಡಿದರೂ ಕೆಲವರಿಗೆ ಮತ್ತೆ ಜಾರುತ್ತದೆ.

ಮೆಶ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದರ ಬಗ್ಗೆ ಅರ್ಧಂಬರ್ಧ ಸುದ್ದಿ ಹರಡಿದೆ. ಯೋನಿಯ ಮೂಲಕ ಮೆಶ್ ಹಾಕಿಸಿಕೊಂಡ ಸಾವಿರಾರು ಹೆಂಗಸರು ಹೊರದೇಶಗಳಲ್ಲಿ ವಿಪರೀತ ನೋವು, ಮೆಶ್ ಗೋಡೆ ಕೊರೆದು ಹೊರಬರುವುದು ಮುಂತಾದ ತೊಂದರೆಗಳಿಗೆ ಸಿಕ್ಕಿ ಹೋರಾಟ ಮಾಡಿದರು. 2017ರ ಕೊನೆಯಲ್ಲಿ ಆಸ್ಟ್ರೇಲಿಯ ಜಾರುವಿಕೆಗೆ ಇಂಥ ಮೆಶ್ ಬಳಸುವುದನ್ನು ನಿಲ್ಲಿಸಿತು. 2018ರಲ್ಲಿ ಇಂಗ್ಲೆಂಡ್ ತಡೆ ಹಾಕಿತು. 2019ರ ಏಪ್ರಿಲಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದರ ಮಾರಾಟವನ್ನೇ ನಿಲ್ಲಿಸಲು ಆದೇಶಿಸಿತು. ಕೀಹೋಲಿನಲ್ಲಿ ಹೊಟ್ಟೆಯ ಕಡೆಯಿಂದ ಹಾಕುವ ಮೆಶ್ ಅಮೆರಿಕದ ಆ ಆದೇಶಕ್ಕೆ ಸೇರಿಲ್ಲ, ಅದರಲ್ಲಿ ತೊಂದರೆಯೂ ಕಡಿಮೆ. ಆದರೂ ವರ್ಷಗಳ ನಂತರ ಕೆಲವರಲ್ಲಿ ಅದು ಯೋನಿಯ ಗೋಡೆಯಲ್ಲಿ ಕಾಣಿಸಿಕೊಳ್ಳಬಹುದು. ಆದ್ದರಿಂದ "ನನಗೆ ಮೆಶ್ ಹಾಕ್ತೀರಾ? ಯಾವ ಕಡೆಯಿಂದ ಹಾಕ್ತೀರಾ?" ಎಂದು ಕೇಳುವುದು ನಿಮ್ಮ ಹಕ್ಕು. ಹಾಕಿದ್ದರೆ ಡಿಸ್ಚಾರ್ಜ್ ಚೀಟಿಯಲ್ಲಿ ಅದರ ಹೆಸರು ಬರೆಸಿಕೊಂಡು, ಆ ಚೀಟಿಯನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಡಿ.

ನಮ್ಮ ಒಂದು ಸಂಘದ ಸದಸ್ಯೆ ಕಾಫಿ ತೋಟದಲ್ಲಿ ಕೆಲಸ ಮಾಡುವವರು. ಕೀಹೋಲ್ ಆಪರೇಷನ್ ಚೆನ್ನಾಗಿಯೇ ಆಯಿತು. ಹತ್ತು ದಿನಕ್ಕೆ ತೂತುಗಳು ಒಣಗಿದವು. ಹೊಟ್ಟೆ ಮೇಲೆ ಗಾಯವೇ ಕಾಣುವುದಿಲ್ಲ, ಮನೆಯವರಿಗೆ ಇವರು ಆಪರೇಷನ್ ಆದವರು ಎಂದೇ ಅನ್ನಿಸಲಿಲ್ಲ. ಅತ್ತೆ "ನಮ್ಮ ಕಾಲದಲ್ಲಿ ಹೆತ್ತು ಮೂರನೇ ದಿನಕ್ಕೆ ನೀರು ಹೊತ್ತಿದ್ದೀವಿ" ಎಂದರು. ಹಣ್ಣು ಕೊಯ್ಲಿನ ಕಾಲ, ಕೂಲಿ ಬಿಡುವ ಹಾಗಿಲ್ಲ. ಇಪ್ಪತ್ತೆರಡನೆಯ ದಿನ ಮೂಟೆಗೆ ಕೈಹಾಕಿದರು. ವರ್ಷ ತುಂಬುವ ಮೊದಲೇ ಮತ್ತೆ ಭಾರ, ಮತ್ತೆ ಉಬ್ಬು. ಮೂಟೆ ಹೊತ್ತದ್ದರಿಂದಲೇ ಹೀಗಾಯಿತು ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು. ಆದರೆ ಒಳಗಿನ ಹೊಲಿಗೆ ಗಟ್ಟಿಯಾಗಲು ಕನಿಷ್ಠ ಆರು ವಾರ ಬೇಕು, ಮೂರು ತಿಂಗಳವರೆಗೆ ಭಾರ ಎತ್ತದಿರುವುದು ಒಳ್ಳೆಯದು ಎಂಬುದರಲ್ಲಿ ಅನುಮಾನವಿಲ್ಲ. ತುಂಬಿದ ಒಂದು ಕೊಡ ಹತ್ತು ಕಿಲೋ ದಾಟುತ್ತದೆ. ಆಪರೇಷನ್ ಆದವರು ಐದು ಕಿಲೋ ಮೀರಿ ಎತ್ತಬಾರದು.

ಹಾಗಾದರೆ ಆ ಆರು ವಾರ ನೀರು ಹೊರುವವರು ಯಾರು? ಆಪರೇಷನ್ನಿನ ಖರ್ಚಿಗಿಂತ ಈ ಪ್ರಶ್ನೆಯೇ ಕಷ್ಟದ್ದು. ಇನ್ನೊಂದು ಸಂಘದವರು ಇದಕ್ಕೆ ತಾವೇ ದಾರಿ ಕಂಡುಕೊಂಡರು. ಒಬ್ಬ ಸದಸ್ಯೆ ಆಸ್ಪತ್ರೆಗೆ ಹೋಗುವ ಮೊದಲೇ ಸಭೆಯಲ್ಲಿ ಮಾತಾಡಿ, ದಿನಕ್ಕೊಬ್ಬರಂತೆ ಅವರ ಮನೆಗೆ ನೀರು, ಸೌದೆ ತಂದುಕೊಡುವುದೆಂದು ನಿರ್ಣಯ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಗಂಡನಿಗೂ ಒಂದು ದಿನ ಪಾಳಿ ಹಾಕಿದ್ದರು! ಅವರು ಮೊದಲು ನಕ್ಕರು, ಆಮೇಲೆ ಹೊತ್ತರು.

ಗರ್ಭಕೋಶ ತೆಗೆಯಲೇಬೇಕೇ?

"ಮಕ್ಕಳಾಯ್ತಲ್ಲ, ಇನ್ನು ಅದು ಯಾಕೆ? ತೆಗೆದುಬಿಡೋಣ" ಎಂಬ ಮಾತನ್ನು ಬಹಳ ಮಂದಿ ಕೇಳಿರುತ್ತೀರಿ. ಜಾರುವಿಕೆಯಲ್ಲಿ ತಪ್ಪು ಗರ್ಭಕೋಶದ್ದಲ್ಲ, ಅದನ್ನು ಹಿಡಿದ ಹಗ್ಗದ್ದು. ಜೋಲಿ ಜಗ್ಗಿತೆಂದು ಮಗುವನ್ನೇ ಎತ್ತಿ ಬೇರೆಡೆ ಇಟ್ಟರೆ ಜೋಲಿ ಸರಿಯಾಗುವುದಿಲ್ಲ. ಗರ್ಭಕೋಶ ತೆಗೆದು ಮೇಲ್ತುದಿಯನ್ನು ಭದ್ರವಾಗಿ ಕಟ್ಟದಿದ್ದರೆ ಕೆಲವು ವರ್ಷಗಳಲ್ಲಿ ಆ ಮೇಲ್ತುದಿಯೇ ಜಾರುತ್ತದೆ. ಗರ್ಭಕೋಶದ ಬಾಯಿಯಲ್ಲಿ ಬದಲಾವಣೆ, ಅತಿಯಾದ ರಕ್ತಸ್ರಾವ, ದೊಡ್ಡ ಗಡ್ಡೆ ಇಂಥ ಬೇರೆ ಕಾರಣಗಳಿದ್ದರೆ ತೆಗೆಯುವುದು ಸರಿ. ಮುಟ್ಟು ನಿಂತವರಲ್ಲಿ, ಪೂರ್ತಿ ಹೊರಬಂದವರಲ್ಲಿ ಕೆಳಗಿನಿಂದ ಗರ್ಭಕೋಶ ತೆಗೆದು ದುರಸ್ತಿ ಮಾಡುವುದು ಒಪ್ಪಿತವಾದ ಒಳ್ಳೆಯ ಚಿಕಿತ್ಸೆಯೇ. ಆದರೆ ಮುಟ್ಟು ನಿಲ್ಲದವರ ಆರೋಗ್ಯವಂತ ಅಂಡಾಶಯಗಳನ್ನೂ ಜೊತೆಗೆ ತೆಗೆಯಲು ಜಾರುವಿಕೆ ಕಾರಣವಾಗುವುದಿಲ್ಲ.

ಈ ಎಚ್ಚರಿಕೆ ಸುಮ್ಮನೆ ಹೇಳುತ್ತಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅಗತ್ಯವಿಲ್ಲದೆ ತೆಗೆದ ಪ್ರಕರಣ 2015ರಲ್ಲಿ ದೊಡ್ಡ ಸುದ್ದಿಯಾಯಿತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಕ್ಯಾನ್ಸರ್ ಭಯ ಹುಟ್ಟಿಸಲಾಗಿತ್ತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಒಬ್ಬ ಡಾಕ್ಟರು "ನಾಳೆಯೇ ತೆಗೆಸಿ" ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಜಾರುವಿಕೆಯಲ್ಲಿ ನಾಳೆಯೇ ಆಗಬೇಕಾದ ಆಪರೇಷನ್ ಬಹಳ ಅಪರೂಪ.

ನಮ್ಮ ಕ್ರೈಸ್ತ ಸಹೋದರಿಯರು ಕೆಲವರು ಇನ್ನೊಂದು ಅಳುಕನ್ನು ಹೇಳುತ್ತಾರೆ. ಗರ್ಭಕೋಶ ತೆಗೆಸಿಕೊಂಡರೆ ಧರ್ಮಸಭೆಯ ಬೋಧನೆಗೆ ವಿರುದ್ಧವೇ ಎಂದು. ಸಂತಾನ ತಡೆಯುವ ಉದ್ದೇಶಕ್ಕೂ ಕಾಯಿಲೆಯ ಚಿಕಿತ್ಸೆಗೂ ಧರ್ಮಸಭೆ ವ್ಯತ್ಯಾಸ ಮಾಡುತ್ತದೆ. ತಾಯಿಯ ಪ್ರಾಣ ಅಥವಾ ಆರೋಗ್ಯಕ್ಕೆ ಗಂಭೀರ ತೊಂದರೆ ಇರುವಾಗ ವೈದ್ಯಕೀಯ ಕಾರಣಕ್ಕೆ ಗರ್ಭಕೋಶ ತೆಗೆಯುವುದು ತಪ್ಪಲ್ಲ ಎಂದು 1993ರಲ್ಲಿಯೇ ವ್ಯಾಟಿಕನ್ನಿನ ವಿಶ್ವಾಸ ಬೋಧನಾ ಪೀಠ ಉತ್ತರ ಕೊಟ್ಟಿದೆ. ಈ ವಿಷಯಕ್ಕೆ ಸಂಬಂಧಿಸಿದ ಇನ್ನೊಂದು ವಿವರಣೆ 2018ರ ಡಿಸೆಂಬರಿನಲ್ಲಿ ಬಂತು. ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿ ಮಾತಾಡಿ. ಆದರೆ ಈ ಅಳುಕಿನಿಂದ ಡಾಕ್ಟರ ಬಳಿ ಹೋಗುವುದನ್ನೇ ಮುಂದೂಡಬೇಡಿ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು?

ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಅಥವಾ ನಮ್ಮ ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ. ತಾಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್ ಹೆಂಗಸರಿಗೆಂದೇ ಇರುವ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಬಿ.ಪಿ.ಎಲ್. ಕಾರ್ಡು ಇರುವ ಕುಟುಂಬಕ್ಕೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಆದರೆ ತುರ್ತಲ್ಲದ ಆಪರೇಷನ್ನಿಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಸಿಗುವುದಿಲ್ಲ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತರಬೇಕು. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಬಗ್ಗೆ ಸೊಸೈಟಿಯಲ್ಲಿ ವಿಚಾರಿಸಿ. 2018ರಲ್ಲಿ ನಿಂತಿದ್ದ ಆ ಯೋಜನೆ 2023ರಿಂದ ಮತ್ತೆ ಚಿಕಿತ್ಸೆ ಕೊಡಲು ಆರಂಭಿಸಿದೆ. ನಿಮಗೆ ಹೇಳಿರುವ ಕೀಹೋಲ್ ವಿಧಾನ ಯೋಜನೆಯ ಪಟ್ಟಿಯಲ್ಲಿದೆಯೇ, ಮೆಶ್ಶಿನ ಖರ್ಚು ಯಾರದು ಎಂಬುದನ್ನು ಅಡ್ಮಿಟ್ ಆಗುವ ಮೊದಲೇ ಕೇಳಿ.

ಡಾಕ್ಟರ ಮುಂದೆ ಒಬ್ಬರೇ ಕೂರಬೇಡಿ. ಗಂಡ, ಮಗಳು ಅಥವಾ ಸಂಘದ ಅಕ್ಕ ಯಾರಾದರೂ ಜೊತೆಗಿರಲಿ. ನನಗೆ ಜಾರಿರುವುದು ಯಾವ ಅಂಗ, ಎಷ್ಟನೇ ಹಂತ? ಪೆಸರಿ ಹಾಕಿ ನೋಡಬಹುದಾ? ಗರ್ಭಕೋಶ ಉಳಿಸೋಕೆ ಆಗುತ್ತಾ? ಕೆಳಗಿನಿಂದ ಮಾಡೋದಕ್ಕಿಂತ ಕೀಹೋಲ್ ನನಗೆ ಯಾಕೆ ಒಳ್ಳೇದು? ನೀವು ಇದನ್ನ ಆಗಾಗ ಮಾಡ್ತೀರಾ? ಇಷ್ಟನ್ನು ಸಂಕೋಚಪಡದೆ ಕೇಳಿ. ಕೊನೆಯ ಪ್ರಶ್ನೆ ಮುಖ್ಯವಾದದ್ದು. ಬೆನ್ನೆಲುಬಿನ ಹತ್ತಿರ ದೊಡ್ಡ ರಕ್ತನಾಳಗಳ ಪಕ್ಕದಲ್ಲಿ ಹೊಲಿಯುವ ಕೆಲಸಕ್ಕೆ ಪಳಗಿದ ಕೈ ಬೇಕು. ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಒಂದೆರಡು ದಿನ ಭುಜ ನೋಯಬಹುದು. ಅದು ಹೊಟ್ಟೆಗೆ ತುಂಬಿದ ಗಾಳಿಯಿಂದ, ಹೆದರಬೇಡಿ. ನಡೆದಾಡಿ, ಇಡೀ ದಿನ ಮಲಗಿರುವುದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ಮಲಬದ್ಧತೆ ಆಗದಂತೆ ನೀರು, ಸೊಪ್ಪು, ಹಣ್ಣು ತೆಗೆದುಕೊಳ್ಳಿ. ಹಳೆಯ ಕೆಮ್ಮಿದ್ದರೆ ಅದಕ್ಕೂ ಔಷಧಿ ಮಾಡಿಸಿ. ಗಂಡಹೆಂಡಿರ ಸಂಬಂಧಕ್ಕೆ ಆರು ವಾರ ಬಿಡುವು ಇರಲಿ. ಇದನ್ನು ಗಂಡನಿಗೆ ಡಾಕ್ಟರಿಂದಲೇ ಹೇಳಿಸಿದರೆ ಒಳ್ಳೆಯದು. ಜ್ವರ, ಹೊಟ್ಟೆ ಉಬ್ಬರದ ಜೊತೆ ವಾಂತಿ, ಮೂತ್ರ ಕಟ್ಟುವುದು, ಒಂದು ಕಾಲು ಮಾತ್ರ ಊದಿ ನೋಯುವುದು, ವಾಸನೆಯ ಸ್ರಾವ ಅಥವಾ ಹೆಚ್ಚು ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಏನೂ ತೊಂದರೆ ಇಲ್ಲದಿದ್ದರೂ ಆರನೆಯ ವಾರಕ್ಕೆ ಪರೀಕ್ಷೆಗೆ ಹೋಗುವುದನ್ನು ತಪ್ಪಿಸಬೇಡಿ. ಕೆಗೆಲ್ ವ್ಯಾಯಾಮವನ್ನು ಯಾವಾಗ ಮತ್ತೆ ಶುರು ಮಾಡಬಹುದು ಎಂದು ಆ ದಿನವೇ ಕೇಳಿಕೊಂಡು ಬನ್ನಿ.